ಅಪ್ಪನ ಬದುಕು ಬರೆದಿಡಬೇಕಾ? ಮಳೆ ಪುಸ್ತಕದಿಂದ ಶುರು ಮಾಡಿ

ಅಪ್ಪ ತೀರಿಕೊಂಡು ವರ್ಷ ತುಂಬುವಾಗ ಮನೆಯವರೆಲ್ಲ ಸೇರಿ ಅವರ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿದೆವು. 62 ಪುಟ, ಸ್ಪೈರಲ್ ಬೈಂಡಿಂಗ್, ಅಷ್ಟೇ. ನೋಡಿದವರಲ್ಲಿ ಮೂರ್ನಾಲ್ಕು ಜನ "ನಮ್ಮಪ್ಪಂದೂ ಬರೀಬೇಕಿತ್ತು, ಎಲ್ಲಿಂದ ಶುರು ಮಾಡೋದು" ಅಂತ ಕೇಳಿದರು. ಅದಕ್ಕೇ ಇದು.

"ಅಪ್ಪಾ, ನಿಮ್ಮ ಜೀವನದ ಬಗ್ಗೆ ಹೇಳಿ" ಅಂತ ಮಾತ್ರ ಕೇಳಬೇಡಿ. ನಾನು ಕೇಳಿ ಕೆಟ್ಟಿದ್ದೇನೆ. ಮೊಬೈಲ್ ಎದುರಿಗಿಟ್ಟ ಕೂಡಲೇ ಅಪ್ಪ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು, ಮಡಿಕೇರಿ ಆಕಾಶವಾಣಿಯಲ್ಲಿ ಭಾಷಣಕ್ಕೆ ಕೂತವರ ಥರ, "ಬಡತನದಲ್ಲಿ ಹುಟ್ಟಿದೆ, ಕಷ್ಟಪಟ್ಟು ದುಡಿದೆ, ದೇವರು ಕೈಬಿಡಲಿಲ್ಲ" ಅಂದರು. ನಾಲ್ಕು ನಿಮಿಷಕ್ಕೆ ಎಂಬತ್ತು ವರ್ಷ ಮುಗೀತು.

ಕೈಗೆ ಏನಾದರೂ ಕೆಲಸ ಕೊಟ್ಟು ಮಾತಾಡಿಸಿ. ನಮ್ಮ ಕೊಡಗಿನ ಕಕ್ಕಡ ತಿಂಗಳು ಇದಕ್ಕೆ ಹೇಳಿ ಮಾಡಿಸಿದ್ದು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮಳೆ ಬಿಡಲ್ಲ, ಕರೆಂಟ್ ಇರಲ್ಲ, ತೋಟಕ್ಕೂ ಹೋಗೋಕಾಗಲ್ಲ. ಒಲೆ ಪಕ್ಕ ಹಲಸಿನ ಬೀಜ ಸುಲಿಯುತ್ತಾ ಕೂತಾಗ ಬರುವ ಮಾತೇ ಬೇರೆ. ಮೊಬೈಲ್ ರೆಕಾರ್ಡಿಂಗ್ ಆನ್ ಮಾಡಿ ಪಕ್ಕದಲ್ಲಿಡಿ, ಇಟ್ಟಿದ್ದೀನಿ ಅಂತ ಒಂದು ಸಲ ಹೇಳಿ, ಆಮೇಲೆ ಮರೆತುಬಿಡಿ.

ಯಾವ ಇಸವಿ ಅಂತಲೂ ಕೇಳಬೇಡಿ. ನಮ್ಮ ಹಿರಿಯರ ಲೆಕ್ಕ ಇಸವಿಯಲ್ಲಿ ಇರಲ್ಲ, ಮಳೆ ಮತ್ತು ಫಸಲಿನಲ್ಲಿ ಇರುತ್ತೆ. ಕೊಡಗು ಮೈಸೂರಿಗೆ ಸೇರಿದಾಗ ನೀವು ಎಷ್ಟನೇ ಕ್ಲಾಸಲ್ಲಿ ಇದ್ರಿ ಅಂತ ಕೇಳಿ, ಅದು 1956ರ ನವೆಂಬರ್ 1. ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ಕಡೆಗೇ, ಕೊಡಬೇಕಿದ್ದ ಕಾಲದಲ್ಲಿ ದುಡ್ಡು ಕಂತಲ್ಲಿ ಬರೋವರೆಗೆ ಮನೆ ಹೇಗೆ ನಡೀತು ಅಂತ ಕೇಳಿ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಇಲ್ಲಿ ಕಾಫಿ ರೇಟ್ ಏರಿತಲ್ಲ, ಆಗ ಏನು ತಗೊಂಡ್ರಿ ಅಂತ ಕೇಳಿದರೆ ಅರ್ಧ ಊರಿನ ಜೀಪುಗಳ ಕಥೆ ಹೊರಬರುತ್ತೆ.

ನಮ್ಮಪ್ಪ ಸುಂಟಿಕೊಪ್ಪ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಹಾಜರಿ ಬರೆಯುವ ಗುಮಾಸ್ತ, ಆಗಿದ್ದರು. ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಇಂಚು ಸೆಂಟ್ ಲೆಕ್ಕದಲ್ಲಿ (ನೂರು ಸೆಂಟ್‌ಗೆ ಒಂದು ಇಂಚು) ಮಳೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಕೊಡಗಿನಲ್ಲಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕ ಇದೆ. ಹುಡುಕಿ. ನಾನು ಹುಟ್ಟಿದ ದಿನದ ಸಾಲು ಹೀಗಿದೆ: "2 ಇಂಚು 35 ಸೆಂಟ್. ಆಳು 14. ಮಧ್ಯಾಹ್ನದ ಮೇಲೆ ರಜೆ, ಮಡಿಕೇರಿ." ಅಷ್ಟೇ. ಇದೇನಪ್ಪಾ, ನನ್ನ ಹೆಸರೂ ಇಲ್ಲ ಅಂದರೆ, "ರಜೆ ಹಾಕಿದ್ದೀನಲ್ಲ" ಅಂದರು. ಅವರು ರಜೆ ಹಾಕಿದ ದಿನಗಳನ್ನೆಲ್ಲ ಪಟ್ಟಿ ಮಾಡಿದೆ. ಮೂವತ್ತೊಂದು ವರ್ಷಕ್ಕೆ ಎರಡು ಪುಟ ಆಯಿತು, ನಮ್ಮ ಸಂಸಾರದ ಕಥೆ ಪೂರ್ತಿ ಅದರಲ್ಲೇ ಇತ್ತು.

ಕೆಲಸದ ಬಗ್ಗೆ ಮನೆಯವರನ್ನಷ್ಟೇ ಕೇಳಿದರೆ ಸಾಲದು. ಎಸ್ಟೇಟಿನ ಲೈನ್ ಮನೆಯಲ್ಲಿದ್ದ (ಕೂಲಿಯವರ ಸಾಲು ಮನೆ) ಒಬ್ಬ ಅಜ್ಜಿಯನ್ನು ಹುಡುಕಿಕೊಂಡು ಹೋಗಿದ್ದೆ. "ನಿಮ್ಮಪ್ಪ ಒಳ್ಳೇವ್ರು, ಆದ್ರೆ ಹತ್ತು ನಿಮಿಷ ತಡ ಆದ್ರೂ ಚೆಕ್‌ರೋಲ್‌ನಲ್ಲಿ ಅರ್ಧ ಹಾಜರಿ ಹಾಕ್ತಿದ್ರು" ಅಂದರು. ಅದನ್ನೂ ಬರೆದೆ. ಅಕ್ಕನಿಗೆ ಸಿಟ್ಟು ಬಂತು. ಆದರೂ ತೆಗೆಯಲಿಲ್ಲ.

ದೇವರ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. "ದೈವಭಕ್ತರಾಗಿದ್ದರು" ಅಂತ ಬರೆದರೆ ಯಾರ ಅಪ್ಪನಿಗೆ ಬೇಕಾದರೂ ಹೊಂದುತ್ತೆ ಅಲ್ವಾ? ಏನು ಮಾಡುತ್ತಿದ್ದರು ಅದನ್ನು ಬರೆಯಿರಿ. ನಮ್ಮಪ್ಪ ತುಲಾ ಸಂಕ್ರಮಣಕ್ಕೆ ಭಾಗಮಂಡಲದ ಸಂಗಮದಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ನಡುಗುತ್ತಾ ತಲಕಾವೇರಿಗೆ ಹತ್ತುತ್ತಿದ್ದರು. ತೀರ್ಥೋದ್ಭವ ನಡುರಾತ್ರಿ ಬಿದ್ದರೂ ಸರಿ. ತೀರ್ಥ ತರುತ್ತಿದ್ದದ್ದು ತೊಳೆದ ಕೆಮ್ಮಿನ ಔಷಧಿ ಬಾಟಲಿಯಲ್ಲಿ. ಕೊನೆಗೆ ಅವರ ಬಾಯಿಗೆ ಬಿಟ್ಟದ್ದೂ ಅದರಿಂದಲೇ.

ಹಾಗೇ, ಹೋಗದ ವರ್ಷ ಯಾವುದು ಅಂತ ಕೇಳಿ. ದೊಡ್ಡಪ್ಪ ತೀರಿಕೊಂಡ ವರ್ಷ ಅಪ್ಪ ಹೋಗಿರಲಿಲ್ಲ, ಅದು ಸೂತಕ. ಮರುವರ್ಷವೂ ಹೋಗಿರಲಿಲ್ಲ. ಯಾಕೆ ಅಂದರೆ ಬೀಜದ ಸಿಪ್ಪೆ ಒಟ್ಟುಮಾಡುತ್ತಾ ಸುಮ್ಮನಿದ್ದು, "ಮನಸ್ಸು ಬರ್ಲಿಲ್ಲ" ಅಂದರು. ನಾನೂ ಮುಂದೆ ಕೇಳಲಿಲ್ಲ. ಆ ಒಂದು ಮಾತಿಗೆ ಪುಸ್ತಕದಲ್ಲಿ ಇಡೀ ಪುಟ ಕೊಟ್ಟಿದ್ದೇವೆ.

ಫೋಟೋ ಕೆಲಸ ಮಾತ್ರ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ, ಫೆಬ್ರವರಿ ಮಾರ್ಚಲ್ಲಿ ಮುಗಿಸಿ. ನಮ್ಮ ಥಂಡಿಗೆ ಹಳೇ ಫೋಟೋಗಳು ಗಾಜಿಗೆ ಅಂಟಿಕೊಂಡಿರುತ್ತವೆ. ಎಳೆಯಬೇಡಿ, ಮುಖವೇ ಕಿತ್ತು ಬರುತ್ತೆ. ನಮ್ಮ ಅಜ್ಜಿಯ ಎಡಗೆನ್ನೆ ಹಾಗೇ ಹೋಯಿತು, ನನ್ನದೇ ತಪ್ಪು. ಚೌಕಟ್ಟಿನ ಸಮೇತ ಜಗಲಿಗೆ ತಂದು, ಬಿಸಿಲು ನೇರ ಬೀಳದ ಕಡೆ ಇಟ್ಟು, ಫ್ಲಾಶ್ ಇಲ್ಲದೆ ಮೊಬೈಲಲ್ಲಿ ತೆಗೆಯಿರಿ. ಫೋಟೋದಲ್ಲಿ ಯಾರಿದ್ದಾರೆ ಅಂತ ಅವತ್ತೇ ಬರೆದುಕೊಳ್ಳಿ, ಹೇಳುವವರು ಇರುವಾಗಲೇ.

ಒಂದು ಪ್ರತಿ ಬೇರೆ ಊರಲ್ಲಿರುವ ನೆಂಟರ ಮನೆಯಲ್ಲಿ ಇರಲಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಎಷ್ಟು ಮನೆಗಳ ಕಾಗದಪತ್ರ ಮಣ್ಣಾಯಿತು ಅಂತ ನಮಗೆ ಯಾರೂ ಹೇಳಬೇಕಿಲ್ಲ.

ಹಿಂದೆ ಒಂದು ಹತ್ತು ಖಾಲಿ ಹಾಳೆ ಬಿಡಿ. ನಾವು ಬಿಟ್ಟಿದ್ದೆವು. ಚಿಕ್ಕಪ್ಪ ಅದನ್ನು ಮುಟ್ಟಲೇ ಇಲ್ಲ. ನೇರವಾಗಿ 17ನೇ ಪುಟಕ್ಕೆ ಹೋಗಿ, ನಾನು ಬರೆದದ್ದನ್ನು ಕೆಂಪು ಪೆನ್ನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಬರೆದಿದ್ದಾರೆ: "ಲ್ಯಾಂಬ್ರೆಟಾ ಅಲ್ಲ, ರಾಜದೂತ್. ಹಿಂದೆ ಕೂತಿದ್ದವನು ನಾನೇ."