ಮನೆಗೆ ವಿದೇಶಿ ವಿದ್ಯಾರ್ಥಿ ಬರ್ತಿದ್ದಾರಾ? ಮೊದಲು ಇದನ್ನು ಮಾಡಿ

ಮೈಸೂರಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವವರಿಗೆ ಒಂದು ಮಾತು. ಅವರು ಬಂದ 24 ಗಂಟೆಯೊಳಗೆ ನೀವು ಆನ್‌ಲೈನ್‌ನಲ್ಲಿ ಫಾರ್ಮ್ 3 (ಹಿಂದಿನ ಫಾರ್ಮ್ ಸಿ), ಅಂದರೆ ವಿದೇಶಿಯರು ನಿಮ್ಮಲ್ಲಿ ಉಳಿದಿದ್ದಾರೆ ಅಂತ ಸರ್ಕಾರಕ್ಕೆ ತಿಳಿಸುವ ಫಾರ್ಮ್, ತುಂಬಬೇಕು. ಇದು ಹೋಟೆಲ್‌ಗಳಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಮನೆಯವರಿಗೂ ಅನ್ವಯಿಸುತ್ತದೆ. ಪಾಸ್‌ಪೋರ್ಟ್, ವೀಸಾ ಪ್ರತಿ ಮತ್ತು ಫೋಟೋವನ್ನು ಅವರು ಹೊರಡುವ ಮೊದಲೇ ತರಿಸಿಕೊಳ್ಳಿ. ಈ ಫಾರ್ಮ್ ತುಂಬುವ ಸರ್ಕಾರಿ ಪೋರ್ಟಲ್‌ನಲ್ಲಿ ನಿಮ್ಮ ಖಾತೆಯನ್ನೂ ಮೊದಲೇ ತೆರೆದಿಡಿ.

ಇನ್ನು ಮನೆ ವಿಷಯ. ನಮ್ಮಲ್ಲಿ ಜರ್ಮನಿಯ ಹುಡುಗಿ ಇದ್ದಳು. ಮೊದಲ ಮೂರು ದಿನ ತಣ್ಣೀರಲ್ಲೇ ಸ್ನಾನ ಮಾಡಿದ್ದಳಂತೆ, ಪಾಪ. ಗೀಸರ್ ಸ್ವಿಚ್ ಬಚ್ಚಲುಮನೆಯ ಹೊರಗಿದೆ ಅಂತ ನಾವು ಹೇಳಿರಲೇ ಇಲ್ಲ. ಕೇಳೋಕೆ ಅವಳಿಗೆ ಸಂಕೋಚ. ಹಾಗಾಗಿ ಬಂದ ದಿನವೇ ಬಕೆಟ್, ಚೊಂಬು, ಗೀಸರ್, ಕುಡಿಯುವ ನೀರು ಎಲ್ಲವನ್ನೂ ಕೈಹಿಡಿದು ತೋರಿಸಿ. ದೇವರಮನೆಗೆ ಯಾವಾಗ ಬರಬಹುದು ಅನ್ನೋದನ್ನೂ ಸಮಾಧಾನವಾಗಿ ಹೇಳಿ.

ಊಟಕ್ಕೆ ಮೊದಲ ವಾರ ಇಡ್ಲಿ, ಮೊಸರನ್ನ, ಬಾಳೆಹಣ್ಣು ಸಾಕು. ಸಾರಿಗೆ ಖಾರ ಕಡಿಮೆ ಹಾಕಿ. ಬಡಿಸುವಾಗ ಜಾಸ್ತಿ ಬಲವಂತ ಬೇಡ. ನಮಗದು ಪ್ರೀತಿ, ಅವರಿಗೆ ಬೇಡ ಅನ್ನೋದು ಹೇಗೆ ಅಂತ ಗೊತ್ತಾಗಲ್ಲ.

ಭಾನುವಾರ ಸಂಜೆ ಅರಮನೆ ದೀಪ ನೋಡಲು ಖಂಡಿತ ಕರೆದುಕೊಂಡು ಹೋಗಿ. ನಮ್ಮ ಹುಡುಗಿ ಇವತ್ತಿಗೂ ಫೋನಲ್ಲಿ ಅದನ್ನೇ ನೆನೆಸಿಕೊಳ್ಳುತ್ತಾಳೆ.