ಙ ಅಕ್ಷರ ಕೊನೆಗೂ ಕೆಲಸಕ್ಕೆ ಬಂತು: ನನ್ನ ವೆಲ್ಶ್ ಅನುಭವ

ಬ್ರಿಟನ್ನಿನ ವೇಲ್ಸ್ ನಾಡಿನ ಭಾಷೆಯಾದ ವೆಲ್ಶ್ ಕಲಿಯಲು ನಮ್ಮ ಅಕ್ಷರಮಾಲೆಯ ಪಟ್ಟಿ ಸಾಕು ಅಂದಾಗ ನಮ್ಮ ಮನೆಯವರೇ ನಕ್ಕಿದ್ದರು. ಪಾಠ ಹೇಳುತ್ತಿದ್ದ ಮೇಡಂ ಕೂಡ ‘ಬೇರೆ ಲಿಪಿ ಬೇಡ, ಗೊಂದಲ ಆಗುತ್ತೆ’ ಅಂದರು. ಈಗ ಬ್ರೆಡ್ ಅಂಗಡಿಯಲ್ಲಿ ನಾನು ಬಾಯಿ ತೆಗೆದರೆ ಯಾರೂ ಇಂಗ್ಲಿಷ್‌ಗೆ ತಿರುಗುವುದಿಲ್ಲ. ಅದಕ್ಕೇ ಬರೀತಿದ್ದೀನಿ.

ನಾವಿರುವುದು ವೇಲ್ಸ್‌ನ ಉತ್ತರದ ಕೈರ್ನಾರ್ವೊನ್‌ನಲ್ಲಿ. ಇಲ್ಲಿ ಅಂಗಡಿ, ಬಸ್ಸು, ಶಾಲೆ ಗೇಟು, ಎಲ್ಲ ಕಡೆ ವೆಲ್ಶೇ. 18ರಿಂದ 25ರೊಳಗಿನವರಿಗೆ ಕೋರ್ಸ್ ಪುಕ್ಕಟೆ. ನನಗೆ 38, ಹಾಗಾಗಿ ದುಡ್ಡು ಬಿಚ್ಚಲೇಬೇಕಾಯಿತು. ಆ್ಯಪ್‌ಗೆ ಸುಮಾರು 70 ಪೌಂಡ್, ಸಂಜೆ ಕ್ಲಾಸಿಗೆ 100, ಆಮೇಲೆ ಒಬ್ಬರ ಹತ್ತಿರ ಆನ್‌ಲೈನ್ ಪಾಠ ಆರು ಸಲ, ಸಲಕ್ಕೆ 20. ನಮ್ಮ ದುಡ್ಡಲ್ಲಿ 30 ಸಾವಿರ ಹೋಯಿತು. ಅಷ್ಟಾದರೂ ಮನೆ ಎಲ್ಲಿ ಅಂತ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ.

ಆ್ಯಪ್‌ನಲ್ಲಿ ನಾನು ಆರಿಸಿಕೊಂಡದ್ದು ದಕ್ಷಿಣ ವೇಲ್ಸ್‌ನ ಮಾತು. ‘ನೀವು ಎಲ್ಲಿರೋದು?’ ಅನ್ನೋದಕ್ಕೆ ಅಲ್ಲಿ: ‘ಬ್ಲೆ ದಿಖ಼್ ಖ಼ೀನ್ ಬಿವ್?’ ಇಲ್ಲಿಯವರು ಕೇಳುವುದು ‘ಹ್ಲೆ ದಾಖ಼್ ಖ಼ೀನ್ ಬಿವ್?’ ಮೊದಲ ಸಲ ಕೇಳಿದಾಗ ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ತಿಳಿದ ಮೇಲೆ ‘ದ್ವಿನ್ ಬಿವ್ ಅನ್ ಕೈರ್ನಾರ್ವೊನ್’ ಅಂದೆ, ನಾನಿರೋದು ಕೈರ್ನಾರ್ವೊನ್‌ನಲ್ಲಿ ಅಂತ. ಅಂಗಡಿಯಾಕೆ ಸಣ್ಣಗೆ ನಕ್ಕು ಇಂಗ್ಲಿಷ್ ಶುರು ಮಾಡಿದಳು. ‘ಫ್ಲಾಟ್‌ನಲ್ಲಿ’ ಅನ್ನೋದಕ್ಕೂ ಅದೇ ‘ಅನ್’ ಹಾಕಿದೆ. ಅದು ‘ಮೆವುನ್ ಫ್ಲಾಟ್’ ಆಗಬೇಕಿತ್ತು. ಊರಿನ ಹೆಸರಿಗೆ ಅನ್, ಯಾವುದೋ ಒಂದು ಮನೆಗೆ ಮೆವುನ್.

ದಾರಿ ಹೊಳೆದದ್ದು ಮಗಳಿಗೆ ಕ ಖ ಗ ಘ ಙ ಬರೆಸುವಾಗ. ‘ಈ ಙ ಯಾವುದಕ್ಕಮ್ಮಾ?’ ಅಂದಳು. ನನಗೆ ಕೈರ್ನಾರ್ವೊನ್ ನೆನಪಾಯಿತು! ‘ಅನ್’ ಆದಮೇಲೆ ಊರಿನ ಮೊದಲ ಅಕ್ಷರ ಬದಲಾಗಬೇಕು, ಅಂಗಡಿಯಲ್ಲಿ ನಾನು ಎಡವಿದ್ದು ಅಲ್ಲೇ. ಊರಿನ ಮೊದಲ ಅಕ್ಷರ ಯಾವ ಸಾಲಿನಲ್ಲಿದೆ ನೋಡಿ, ಆ ಸಾಲಿನ ಕೊನೆಗೆ ಹೋಗಿ. ಬಂಗೊರ್: ‘ಅಮ್ ಮಂಗೊರ್’. ಗ್ವಿನೆದ್: ‘ಅಙ್ ಙ್ವಿನೆದ್’. ದಿನ್ಬಿಖ಼್: ‘ಅನ್ ನಿನ್ಬಿಖ಼್’. ಕ, ತ, ಪ ಆದರೆ ಜೊತೆಗೊಂದು ಹಕಾರದ ಉಸಿರು. ಕೈರ್ನಾರ್ವೊನ್ ‘ಅಙ್ ಙ್ಹೈರ್ನಾರ್ವೊನ್’ ಆಗುತ್ತದೆ. ಹಿಂದಿನ ‘ಅನ್’ ಬದಲಾಗುವುದು ನಮ್ಮ ಸೊನ್ನೆಯ ಹಾಗೇ. ಅಂಗಡಿಯ ಸೊನ್ನೆ ಬೇರೆ, ಅಂಬಲಿಯ ಸೊನ್ನೆ ಬೇರೆ ಅಲ್ವಾ?

‘ಇಂಥ ಊರಿನವಳು’ ಅನ್ನುವಾಗ ಬರುವ ‘ಓ’ ಇನ್ನೂ ಸುಲಭ. ‘ದ್ವಿನ್ ದೋದ್ ಓ ಗೈರ್ನಾರ್ವೊನ್.’ ಕ ಹೋಗಿ ಗ. ಮಳೆಗಾಲ, ಬೆಟ್ಟದಾವರೆ, ಕಂಬನಿ ಅಂತ ಹೈಸ್ಕೂಲಿನಲ್ಲಿ ಉರು ಹೊಡೆದ ಆದೇಶ ಸಂಧಿಯೇ ಇದು. ಬ, ಮ ಎರಡೂ ವ ಆಗುತ್ತವೆ, ಮೆಲ್ವಾತಿನ ಹಾಗೆ. ನನ್ನ ಜೊತೆ ಕ್ಲಾಸಿನಲ್ಲಿದ್ದ ಇಂಗ್ಲಿಷಿನವರು ಇನ್ನೂ ಪಟ್ಟಿ ಹಿಡಿದು ಕೂತಿದ್ದಾರೆ. ನನಗೆ ಎರಡು ವಾರ ಸಾಕಾಯಿತು. ‘ಖ಼ೀ’ ಅಂದರೆ ನೀವು, ‘ತೀ’ ಅಂದರೆ ನೀನು. ಅದರಲ್ಲೂ ಅವರಿಗೇ ಕಷ್ಟ, ನಮಗೇನು!

ಹುಮ್ಮಸ್ಸಿನಲ್ಲಿ ನಮ್ಮೂರುಗಳಿಗೂ ಹಚ್ಚಿ ನೋಡಿದೆ. ‘ಓ ವೆಂಗಳೂರು’ ಅಂದಾಗ ಪಕ್ಕದ ಮನೆ ಅಜ್ಜಿ, ‘ಪಾಪ, ಅದನ್ನು ಅದರ ಪಾಡಿಗೆ ಬಿಡು’ ಅಂದರು. ಶಿವಮೊಗ್ಗ ಅಂತೂ ಯಾವ ನಿಯಮಕ್ಕೂ ಜಗ್ಗಲಿಲ್ಲ. ಊರಿನವರೇ ಮಾತಿನ ಭರದಲ್ಲಿ ‘ಅನ್ ಕೈರ್ನಾರ್ವೊನ್’ ಅನ್ನೋದನ್ನೂ ಆಮೇಲೆ ಕೇಳಿದೆ. ಅವರು ಅಂದರೆ ನಡೆಯುತ್ತೆ, ನಾವು ಅಂದರೆ ಇಂಗ್ಲಿಷ್ ಶುರು.

‘ಹ್ಲ’ ಅಂತ ನಾನು ಬರೆದಿದ್ದೀನಲ್ಲ, ನಿಜವಾದ ಸದ್ದು ಅದಲ್ಲ. ಅದಕ್ಕೂ ಒಂದು ಉಪಾಯ ಇದೆ. ಅದನ್ನು ಬರೆಯಲ್ಲ, ಎದುರಿಗೆ ಸಿಕ್ಕರೆ ತೋರಿಸ್ತೀನಿ.

ಕಳೆದ ತಿಂಗಳು ಅದೇ ಅಂಗಡಿ, ಅದೇ ಹೆಂಗಸು. ‘ಅಙ್ ಙ್ಹೈರ್ನಾರ್ವೊನ್’ ಅಂದೆ. ಬ್ರೆಡ್ ಸುತ್ತುತ್ತಿದ್ದ ಕೈ ನಿಂತಿತು. ಹುಬ್ಬೇರಿಸಿ ‘ಎರ್ಸ್ ಪ್ರೀದ್?’ ಅಂದಳು, ಯಾವಾಗಿನಿಂದ ಅಂತ. ಲೆಕ್ಕದ ಪಾಠ ನಾನಿನ್ನೂ ಮುಟ್ಟಿರಲಿಲ್ಲ. ಮೂರು ಬೆರಳು ತೋರಿಸಿದೆ.