ಸಾಪೇಕ್ಷತೆಗೆ ಗಣಿತ ಬೇಕೇ ಎಂಬ ಚರ್ಚೆಯನ್ನು ನಡೆಸುವ ಬಗೆ

ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತವನ್ನು ಗಣಿತದ ನೆರವಿಲ್ಲದೆ ಅರಿಯಲು ಸಾಧ್ಯವೇ ಎಂಬ ಪ್ರಶ್ನೆ ಎದ್ದ ಕೂಡಲೇ ಮಾತು ಎರಡು ಬಣಗಳಾಗಿ ಒಡೆಯುತ್ತದೆ. ನಿಜವಾದ ವಿಚಾರ ಯಾವುದೇ ಆಗಲಿ ಸರಳ ಮಾತಿನಲ್ಲಿ ಹೇಳಲು ಬರುತ್ತದೆ, ಸಮೀಕರಣಗಳು ಅದರ ಮೇಲೆ ಹೊದಿಸಿದ ಮುಸುಕು ಮಾತ್ರ ಎಂದು ಒಂದು ಬಣ ಹೇಳುತ್ತದೆ. ಟೆನ್ಸರ್ ಎಂಬ ಉನ್ನತ ಗಣಿತ ತಿಳಿಯದವರಿಗೆ ಈ ವಿಷಯದಲ್ಲಿ ಮಾತನಾಡುವ ಅರ್ಹತೆಯೇ ಇಲ್ಲ ಎಂದು ಇನ್ನೊಂದು ಬಣ ಹೇಳುತ್ತದೆ. ಇಬ್ಬರೂ ಗಂಟೆಗಟ್ಟಲೆ ವಾದಿಸಿದರೂ ಹೊರಟ ಜಾಗಕ್ಕೇ ಮರಳುತ್ತಾರೆ, ಏಕೆಂದರೆ ಯಾವ ಬಗೆಯ ಅರಿವಿನ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದನ್ನು ಅವರು ಗೊತ್ತುಮಾಡಿಕೊಂಡೇ ಇರುವುದಿಲ್ಲ.

ಆದ್ದರಿಂದ ಚರ್ಚೆಯ ಮೊದಲ ಕೆಲಸ ಒಂದು ಅಳತೆಗೋಲನ್ನು ಒಪ್ಪಿಕೊಳ್ಳುವುದು. ನಾನು ಸೂಚಿಸುವ ಅಳತೆಗೋಲು ಇದು: ಉತ್ತರವನ್ನು ಯಾರೂ ಮುಂಚಿತವಾಗಿ ಹೇಳಿಕೊಡದ ಒಂದು ಹೊಸ ಸನ್ನಿವೇಶವನ್ನು ಮುಂದಿಟ್ಟಾಗ, ಅಲ್ಲಿ ಯಾರ ಗಡಿಯಾರ ಎಷ್ಟು ತೋರಿಸುತ್ತದೆ, ಯಾರಿಗೆ ಯಾವ ಘಟನೆ ಮೊದಲು ನಡೆಯುತ್ತದೆ ಎಂಬುದನ್ನು ತನ್ನ ಅರಿವಿನಿಂದಲೇ ಹೇಳಲು ಸಾಧ್ಯವಾಗಬೇಕು. ಇದನ್ನು ಒಪ್ಪಿಕೊಂಡರೆ ‘ಗಣಿತ ಬೇಕೇ’ ಎಂಬ ದೊಡ್ಡ ಪ್ರಶ್ನೆ ‘ಎಲ್ಲಿ ಬೇಕು, ಎಷ್ಟು ಬೇಕು’ ಎಂಬ ಸಣ್ಣ ಪ್ರಶ್ನೆಗಳಾಗಿ ಒಡೆಯುತ್ತದೆ, ಮತ್ತು ಆ ಸಣ್ಣ ಪ್ರಶ್ನೆಗಳಿಗೆ ಖಚಿತವಾದ ಉತ್ತರಗಳಿವೆ.

ಎರಡನೆಯದಾಗಿ, ಯಾವ ಸಾಪೇಕ್ಷತೆಯ ಬಗ್ಗೆ ಮಾತು ಎಂಬುದನ್ನು ಬಿಡಿಸಿಕೊಳ್ಳಬೇಕು. 1905ರ ವಿಶೇಷ ಸಾಪೇಕ್ಷತೆಗೂ ಗುರುತ್ವವನ್ನೂ ಒಳಗೊಂಡ 1915ರ ಸಾಮಾನ್ಯ ಸಾಪೇಕ್ಷತೆಗೂ ಬೇಕಾದ ಗಣಿತದಲ್ಲಿ ಅಗಾಧ ಅಂತರವಿದೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾ ಹೋದರೆ ಒಬ್ಬರು ಒಂದರ ಬಗ್ಗೆಯೂ ಮತ್ತೊಬ್ಬರು ಇನ್ನೊಂದರ ಬಗ್ಗೆಯೂ ಹೇಳುತ್ತಿರುವುದು ಕೊನೆಯವರೆಗೂ ಗಮನಕ್ಕೆ ಬರುವುದಿಲ್ಲ.

ವಿಶೇಷ ಸಾಪೇಕ್ಷತೆ: ಶಾಲೆಯ ಗಣಿತ ಸಾಕು, ಆದರೆ ಅದಿಲ್ಲದೆ ಸಾಲದು

ಗಣಿತವನ್ನು ಕಂಡು ಅಂಜುವವರ ಜೊತೆ ಚರ್ಚಿಸುವಾಗ ಬೆಳಕಿನ ಗಡಿಯಾರದಿಂದ ಪ್ರಾರಂಭಿಸುವುದು ಒಳ್ಳೆಯದು. ಎದುರುಬದುರಾಗಿ ಇಟ್ಟ ಎರಡು ಕನ್ನಡಿಗಳ ನಡುವೆ ಬೆಳಕು ಮೇಲೆ ಕೆಳಗೆ ಪುಟಿಯುತ್ತಿದೆ, ಒಂದೊಂದು ಪುಟಿತವೂ ಗಡಿಯಾರದ ಒಂದು ಟಿಕ್ ಎಂದುಕೊಳ್ಳೋಣ. ಈ ಗಡಿಯಾರ ನಮ್ಮೆದುರು ಬೆಳಕಿನ ವೇಗದ 0.6 ಪಟ್ಟು ವೇಗದಲ್ಲಿ ಅಡ್ಡಲಾಗಿ ಹಾದುಹೋಗುತ್ತಿದ್ದರೆ, ನಮಗೆ ಬೆಳಕಿನ ದಾರಿ ಓರೆಯಾಗಿ ಕಾಣುತ್ತದೆ. ಬೆಳಕು ಓರೆಯಾಗಿ 5 ಅಳತೆ ಸಾಗುವಷ್ಟರಲ್ಲಿ ಗಡಿಯಾರ ಅಡ್ಡಲಾಗಿ 3 ಅಳತೆ ಸಾಗಿರುತ್ತದೆ. ಪೈಥಾಗೋರಸ್ ಪ್ರಮೇಯದಂತೆ ಕನ್ನಡಿಗಳ ನಡುವಿನ ಎತ್ತರ 4 ಅಳತೆ. ಗಡಿಯಾರದ ಜೊತೆಯಲ್ಲೇ ಇರುವವರಿಗೆ ಬೆಳಕು ಸಾಗಿದ್ದು ಆ 4 ಅಳತೆ ಮಾತ್ರ. ಬೆಳಕಿನ ವೇಗ ಇಬ್ಬರಿಗೂ ಒಂದೇ ಆಗಿರಬೇಕೆಂಬುದು ಸಿದ್ಧಾಂತದ ತಳಪಾಯ; ಆದ್ದರಿಂದ ಅವರಿಗೆ 4 ಕ್ಷಣ ಕಳೆದಾಗ ನಮಗೆ 5 ಕ್ಷಣ ಕಳೆದಿರುತ್ತದೆ. ಕಾಲದ ಹಿಗ್ಗುವಿಕೆ ಎಂದು ಹೆಸರಾದ ಫಲಿತಾಂಶ ಇಷ್ಟೇ. ಇದಕ್ಕೆ ಬೇಕಾದದ್ದು ಪ್ರೌಢಶಾಲೆಯ ಒಂದು ತ್ರಿಕೋನ.

ಇಲ್ಲಿಗೆ ನಿಲ್ಲಿಸಿದರೆ ಮಾತಿನ ಬಣದವರು ಗೆದ್ದಂತೆ ತೋರುತ್ತದೆ. ‘ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ’ ಎಂಬ ಒಂದು ವಾಕ್ಯದಲ್ಲಿ ಎಲ್ಲವೂ ಅಡಗಿದೆ ಅನ್ನಿಸುತ್ತದೆ. ಆದರೆ ಅವರಿಗೆ ಮುಂದಿನ ಪ್ರಶ್ನೆಯನ್ನು ಕೇಳಲೇಬೇಕು: ಚಲನೆ ಸಾಪೇಕ್ಷವಾದರೆ ಆಕಡೆಯವರ ಲೆಕ್ಕದಲ್ಲಿ ನಮ್ಮ ಗಡಿಯಾರವೇ ನಿಧಾನ, ಇಬ್ಬರ ಗಡಿಯಾರವೂ ಇನ್ನೊಬ್ಬರದಕ್ಕಿಂತ ನಿಧಾನವಾಗಿರುವುದು ಹೇಗೆ? ಸಾಪೇಕ್ಷತೆಯೇ ತಪ್ಪು ಎಂದು ವಾದಿಸುವವರಲ್ಲಿ ಬಹಳ ಮಂದಿ ಬಂದು ನಿಲ್ಲುವುದು ಈ ಜಾಗದಲ್ಲಿ. ಅವರ ಶಂಕೆ ಪ್ರಾಮಾಣಿಕವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಆ ಶಂಕೆಯನ್ನು ಬರಿಯ ಮಾತಿನಿಂದ ಪರಿಹರಿಸಲು ಆಗುವುದಿಲ್ಲ. ಅಂಕಿಗಳನ್ನು ಹಾಕಿ ನೋಡಿದಾಗ ಮಾತ್ರ ಅದು ಕರಗುತ್ತದೆ.

ಅದಕ್ಕಾಗಿ ಅವಳಿಗಳ ಪ್ರಸಿದ್ಧ ಸಮಸ್ಯೆಯನ್ನು ಕಾಗದದ ಮೇಲೆ ಬಿಡಿಸುವುದನ್ನು ನಾನು ಎಲ್ಲಕ್ಕಿಂತ ಹೆಚ್ಚಾಗಿ ಶಿಫಾರಸು ಮಾಡುತ್ತೇನೆ. ಅಕ್ಕ ಭೂಮಿಯಲ್ಲಿ ಉಳಿಯುತ್ತಾಳೆ. ತಂಗಿ ಬೆಳಕಿನ ವೇಗದ 0.8 ಪಟ್ಟು ವೇಗದಲ್ಲಿ 4 ಜ್ಯೋತಿರ್ವರ್ಷ (ಬೆಳಕು 4 ವರ್ಷದಲ್ಲಿ ಸಾಗುವಷ್ಟು) ದೂರದ ನಕ್ಷತ್ರಕ್ಕೆ ಹೋಗಿ, ಕೂಡಲೇ ತಿರುಗಿ ಅದೇ ವೇಗದಲ್ಲಿ ಮರಳುತ್ತಾಳೆ. ಅಕ್ಕನ ಲೆಕ್ಕದಲ್ಲಿ ಹೋಗಲು 5 ವರ್ಷ, ಬರಲು 5 ವರ್ಷ. ಮೇಲಿನ ತ್ರಿಕೋನವನ್ನೇ ಈ ವೇಗಕ್ಕೆ ಬರೆದರೆ (ಓರೆ 5, ಅಡ್ಡ 4, ಎತ್ತರ 3) ತಂಗಿಯ ಗಡಿಯಾರದಲ್ಲಿ ಕಳೆಯುವುದು 3 ಮತ್ತು 3, ಒಟ್ಟು 6 ವರ್ಷ. ‘ತಂಗಿಯ ದೃಷ್ಟಿಯಿಂದ ಅಕ್ಕನೇ ಚಲಿಸಿದ್ದಲ್ಲವೇ, ಹಾಗಿದ್ದರೆ ಅಕ್ಕನೇ ಏಕೆ ಚಿಕ್ಕವಳಾಗಿ ಉಳಿಯಲಿಲ್ಲ’ ಎಂಬ ಆಕ್ಷೇಪ ಬಂದಾಗ, ಇಬ್ಬರೂ ತಮ್ಮ ತಮ್ಮ ಗಡಿಯಾರದಂತೆ ವರ್ಷಕ್ಕೊಂದು ಬೆಳಕಿನ ಸಂಕೇತವನ್ನು ಇನ್ನೊಬ್ಬರಿಗೆ ಕಳುಹಿಸುತ್ತಾರೆ ಎಂದು ಊಹಿಸಿ, ಸಂಕೇತಗಳನ್ನು ಎಣಿಸಲು ಹೇಳಬೇಕು. ಈ ವೇಗದಲ್ಲಿ ಪರಸ್ಪರ ದೂರವಾಗುತ್ತಿರುವಾಗ ಸಂಕೇತಗಳು 3 ವರ್ಷಕ್ಕೊಂದರಂತೆ ತಲುಪುತ್ತವೆ, ಹತ್ತಿರವಾಗುತ್ತಿರುವಾಗ ವರ್ಷಕ್ಕೆ 3ರಂತೆ ತಲುಪುತ್ತವೆ. ಈ ಅನುಪಾತ ಇಬ್ಬರಿಗೂ ಸಮಾನ. ತಂಗಿ ಹೋಗುವ 3 ವರ್ಷದಲ್ಲಿ 1 ಸಂಕೇತವನ್ನೂ ಬರುವ 3 ವರ್ಷದಲ್ಲಿ 9 ಸಂಕೇತಗಳನ್ನೂ ಪಡೆಯುತ್ತಾಳೆ: ಒಟ್ಟು 10, ಅಂದರೆ ಅಕ್ಕನಿಗೆ 10 ವರ್ಷ ಕಳೆದಿದೆ. ಅಕ್ಕನಿಗಾದರೋ ತಂಗಿ ತಿರುಗಿದ ಸುದ್ದಿ 5ನೇ ವರ್ಷದಲ್ಲಿ ಸಿಗುವುದಿಲ್ಲ; ಆ ಬೆಳಕು 4 ಜ್ಯೋತಿರ್ವರ್ಷ ದಾಟಿ ಬರಬೇಕಾದ್ದರಿಂದ ಅದು ಸಿಗುವುದು 9ನೇ ವರ್ಷದ ಕೊನೆಗೆ. ಹಾಗಾಗಿ ಆಕೆ 9 ವರ್ಷ ನಿಧಾನದ ಸಂಕೇತಗಳನ್ನು ಪಡೆದು 3 ಎಣಿಸುತ್ತಾಳೆ, ಕೊನೆಯ 1 ವರ್ಷದಲ್ಲಿ ಇನ್ನೂ 3 ಎಣಿಸುತ್ತಾಳೆ: ಒಟ್ಟು 6.

ಇಬ್ಬರ ಎಣಿಕೆಯೂ ತಾಳೆಯಾಗುತ್ತದೆ, ವಿರೋಧಾಭಾಸ ಉಳಿಯುವುದಿಲ್ಲ. ಸಮಾನತೆ ಮುರಿದದ್ದು ಎಲ್ಲಿ ಎಂಬುದೂ ಕಣ್ಣಿಗೆ ಕಾಣುತ್ತದೆ: ತಂಗಿಗೆ ಬದಲಾವಣೆ ಪ್ರಯಾಣದ ನಡುವೆಯೇ ಆಗುತ್ತದೆ, ಅಕ್ಕನಿಗೆ ಅದು ಬಹುತೇಕ ಕೊನೆಯಲ್ಲಿ ತಿಳಿಯುತ್ತದೆ. ಇಲ್ಲಿ ಬಳಸಿದ್ದು ಕೂಡುವುದು, ಗುಣಿಸುವುದು, ಒಂದು ಅನುಪಾತ. ಇಷ್ಟನ್ನೂ ಮಾಡಲು ಒಪ್ಪದವರೊಂದಿಗೆ ಈ ಸಮಸ್ಯೆಯ ಚರ್ಚೆ ಮುಂದುವರಿಸಿ ಫಲವಿಲ್ಲ, ಏಕೆಂದರೆ ‘ನಿಧಾನ’ ಎಂಬ ಮಾತಿಗೆ ಯಾರ ಗಡಿಯಾರವನ್ನು ಯಾರು ಯಾವಾಗ ನೋಡಿದರು ಎಂಬ ವಿವರ ಅಂಟಿಕೊಂಡಿರುತ್ತದೆ, ಮತ್ತು ಆ ವಿವರವನ್ನು ದಿನಬಳಕೆಯ ಮಾತು ತಾನಾಗಿ ಹೊತ್ತು ತರುವುದಿಲ್ಲ.

ಮಾತು ಸಡಿಲವಾಗಿ ಓಡುವ ಇನ್ನೊಂದು ಉದಾಹರಣೆ: ‘ಬೆಳಕಿನ ಕಣದ ದೃಷ್ಟಿಯಿಂದ ಕಾಲ ನಿಂತುಹೋಗಿದೆ’ ಎಂಬ ಜನಪ್ರಿಯ ವಾಕ್ಯ. ಸಿದ್ಧಾಂತದಲ್ಲಿ ಬೆಳಕಿನ ಜೊತೆ ಸಾಗುವ ವೀಕ್ಷಕನಿಗೆ ಸ್ಥಾನವೇ ಇಲ್ಲ. ಕಾಲದ ಹಿಗ್ಗುವಿಕೆಯ ಸೂತ್ರದಲ್ಲಿ ಆ ವೇಗವನ್ನು ಹಾಕಿದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ.

ಒಳ ವಿರೋಧವೋ, ಪ್ರಯೋಗದ ಸೋಲೋ?

ಎದುರಿನವರು ಸಿದ್ಧಾಂತವನ್ನು ತಳ್ಳಿಹಾಕುತ್ತಿದ್ದರೆ, ಅವರ ಆಕ್ಷೇಪ ಯಾವ ಬಗೆಯದೆಂದು ಕೇಳಬೇಕು. ಸಿದ್ಧಾಂತ ತನ್ನನ್ನೇ ಅಲ್ಲಗಳೆಯುತ್ತದೆ ಎನ್ನುವುದಾದರೆ ಅದು ಗಣಿತದ ಹೇಳಿಕೆ; 1908ರಲ್ಲಿ ಗಣಿತಜ್ಞ ಮಿಂಕೋವ್‌ಸ್ಕಿ ವಿಶೇಷ ಸಾಪೇಕ್ಷತೆಯನ್ನು ನಾಲ್ಕು ಆಯಾಮಗಳ ಜ್ಯಾಮಿತಿಯಾಗಿ ನಿರೂಪಿಸಿದ ಮೇಲೆ, ಅದರೊಳಗೆ ವಿರೋಧವಿದೆ ಎನ್ನುವವರು ಆ ಜ್ಯಾಮಿತಿಯೊಳಗೇ ಅದನ್ನು ಲೆಕ್ಕ ಸಮೇತ ತೋರಿಸಬೇಕಾಗುತ್ತದೆ. ಸಿದ್ಧಾಂತ ಪ್ರಕೃತಿಗೆ ಹೊಂದುವುದಿಲ್ಲ ಎನ್ನುವುದಾದರೆ ಮಾತು ಪ್ರಯೋಗಗಳತ್ತ ತಿರುಗಬೇಕು. ವಾತಾವರಣದ ಮೇಲ್ಭಾಗದಲ್ಲಿ ಹುಟ್ಟುವ ಮ್ಯೂಯಾನ್ ಎಂಬ ಕಣಗಳ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡ್, ಅಷ್ಟರಲ್ಲಿ ಬೆಳಕೇ ಸಾಗುವುದು ಸುಮಾರು 660 ಮೀಟರ್. ಆದರೂ ಚಲಿಸುವ ಗಡಿಯಾರ ನಿಧಾನವಾಗುವುದರಿಂದ ಹಲವು ಕಿಲೋಮೀಟರ್ ದಾಟಿ ಅವು ಧಾರಾಳವಾಗಿ ನೆಲ ಮುಟ್ಟುತ್ತವೆ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಎತ್ತರದ ಕಾರಣ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ, ವೇಗದ ಕಾರಣ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ, ಒಟ್ಟಾರೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಈ ವ್ಯತ್ಯಾಸವನ್ನು ಸರಿದೂಗಿಸಿಯೇ ವ್ಯವಸ್ಥೆ ಕೆಲಸ ಮಾಡುತ್ತದೆ. ಇಂಥ ಅಂಕಿಗಳನ್ನು ವಿವರಿಸಬಲ್ಲ ಬದಲಿ ಸಿದ್ಧಾಂತವನ್ನು ಕೇಳುವುದು ಅಪಮಾನವಲ್ಲ, ನ್ಯಾಯವಾದ ಬೇಡಿಕೆ.

ಸಾಮಾನ್ಯ ಸಾಪೇಕ್ಷತೆಯಲ್ಲಿ ಮಾತು ಅರ್ಧ ದಾರಿಗೆ ನಿಲ್ಲುತ್ತದೆ

ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತವರಿಗೆ ತಾವು ಗುರುತ್ವದಲ್ಲಿದ್ದೇವೋ ವೇಗ ಹೆಚ್ಚಿಸಿಕೊಳ್ಳುತ್ತಿರುವ ನೌಕೆಯಲ್ಲಿದ್ದೇವೋ ತಿಳಿಯದು ಎಂಬ ಸಮತ್ವ ತತ್ವವನ್ನು ಮಾತಿನಲ್ಲಿ ಸುಂದರವಾಗಿ ಹೇಳಬಹುದು, ಅದರಿಂದ ಬೆಳಕು ಗುರುತ್ವದಲ್ಲಿ ಬಾಗಬೇಕೆಂದೂ ಊಹಿಸಬಹುದು. ಐನ್‌ಸ್ಟೈನ್ 1911ರಲ್ಲಿ ಈ ತತ್ವದ ಆಧಾರದ ಮೇಲೆ ಸೂರ್ಯನ ಅಂಚಿನಲ್ಲಿ ಹಾದುಬರುವ ನಕ್ಷತ್ರದ ಬೆಳಕು ಎಷ್ಟು ಬಾಗುತ್ತದೆಂದು ಲೆಕ್ಕ ಹಾಕಿದರು. ಬಂದ ಉತ್ತರ ಸರಿಯಾದ ಉತ್ತರದ ಅರ್ಧ. ಗೆಳೆಯ ಮಾರ್ಸೆಲ್ ಗ್ರಾಸ್‌ಮನ್ ಅವರ ನೆರವಿನಿಂದ ವಕ್ರ ಜ್ಯಾಮಿತಿಯ ಗಣಿತವನ್ನು ಕಲಿತು, 1915ರ ನವೆಂಬರ್‌ನಲ್ಲಿ ಪೂರ್ಣ ಸಮೀಕರಣಗಳನ್ನು ತಲುಪಿದ ಮೇಲೆಯೇ ಕಾಲದ ಜೊತೆಗೆ ದೇಶದ (ಅಂದರೆ ಸ್ಥಳಾವಕಾಶದ) ವಕ್ರತೆಯೂ ಅಷ್ಟೇ ಪಾಲು ಸೇರಿಸುತ್ತದೆಂದು ತಿಳಿದು, ಅಂಕಿ ಸುಮಾರು 1.75 ಆರ್ಕ್‌ಸೆಕೆಂಡ್‌ಗೆ ಏರಿತು (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ). 1919ರ ಸೂರ್ಯಗ್ರಹಣದಲ್ಲಿ ಖಗೋಳವಿಜ್ಞಾನಿ ಎಡಿಂಗ್ಟನ್ ಮತ್ತು ಇತರರ ತಂಡಗಳು ನಡೆಸಿದ ಅಳತೆ ಈ ಅಂಕಿಯನ್ನು ಬೆಂಬಲಿಸಿತು. ಚರ್ಚೆಯಲ್ಲಿ ಇದಕ್ಕಿಂತ ಬಲವಾದ ಉದಾಹರಣೆ ನನಗೆ ತೋರದು: ಚಿತ್ರ ಸರಿಯಾಗಿತ್ತು, ತರ್ಕವೂ ಸರಿಯಾಗಿತ್ತು, ಆದರೂ ಆ ತತ್ವವನ್ನು ಕಂಡವರಿಗೇ ಅದು ಅರ್ಧ ಉತ್ತರವನ್ನಷ್ಟೇ ಕೊಟ್ಟಿತು.

ರಬ್ಬರ್ ಹಾಳೆಯ ಮೇಲೆ ಭಾರದ ಗುಂಡು ಇಟ್ಟು ತಗ್ಗು ತೋರಿಸುವ ಚಿತ್ರವನ್ನು ಯಾರಾದರೂ ಮುಂದಿಟ್ಟರೆ ಅದರ ಮಿತಿಯನ್ನು ತಾಳ್ಮೆಯಿಂದ ತಿಳಿಸಬೇಕು. ಗುರುತ್ವವನ್ನು ವಿವರಿಸಲು ಅದು ಗುರುತ್ವವನ್ನೇ ಬಳಸುತ್ತದೆ. ಅಲ್ಲದೆ ಅದು ತೋರಿಸುವುದು ದೇಶದ ವಕ್ರತೆಯನ್ನು, ಆದರೆ ಕೈಬಿಟ್ಟ ಕಲ್ಲು ಬೀಳುವುದಕ್ಕೆ ಮುಖ್ಯ ಕಾರಣ ಕಾಲದ ವಕ್ರತೆ.

ಗಣಿತ ಬಲ್ಲವರ ಹೊಣೆ

ಇಷ್ಟೆಲ್ಲ ಹೇಳಿದ ಮೇಲೂ ಗಣಿತದ ಬಣದವರನ್ನು ಸುಮ್ಮನೆ ಬಿಡಲಾಗದು. ಸಮೀಕರಣವನ್ನು ಬಿಡಿಸಿದವರು ಅದರಲ್ಲಿನ ಪ್ರತಿ ಅಕ್ಷರವೂ ಯಾರು, ಯಾವ ಉಪಕರಣದಿಂದ, ಎಲ್ಲಿ ನಿಂತು ಅಳೆದದ್ದು ಎಂದು ಹೇಳಲಾರದಿದ್ದರೆ, ಮೇಲೆ ಒಪ್ಪಿಕೊಂಡ ಅಳತೆಗೋಲಿನಂತೆ ಅವರೂ ಅರಿತಿಲ್ಲ. ವಿಜ್ಞಾನಿ ಫ್ಯಾರಡೆಗೆ ಉನ್ನತ ಗಣಿತ ಬರುತ್ತಿರಲಿಲ್ಲ. ಆದರೂ ವಿದ್ಯುತ್ತು ಮತ್ತು ಕಾಂತತೆಯನ್ನು ಕ್ಷೇತ್ರದ ಬಲರೇಖೆಗಳಾಗಿ ಕಂಡವರು ಅವರೇ. ಗಣಿತಜ್ಞರು ತಮ್ಮ ನಿರ್ಣಯಗಳನ್ನು ಸಾಮಾನ್ಯ ಭಾಷೆಯಲ್ಲಿಯೂ ಹೇಳಲಾಗದೇ ಎಂದು 1857ರಲ್ಲಿ ಅವರು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ಲರಿಗೆ ಬರೆದ ಪತ್ರದಲ್ಲಿ ಕೇಳಿದರು. ಮ್ಯಾಕ್ಸ್‌ವೆಲ್ ಆ ಕ್ಷೇತ್ರಕ್ಕೆ ಸಮೀಕರಣ ಬರೆದಾಗ, ಅದರ ಅಲೆಗಳ ವೇಗ ಬೆಳಕಿನ ವೇಗಕ್ಕೆ ಸರಿಹೊಂದುತ್ತದೆ ಎಂಬುದು ಲೆಕ್ಕದಿಂದಲೇ ಹೊರಬಂತು. ಈ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ: ಹೊಸ ಚಿತ್ರ ಗಣಿತವಿಲ್ಲದೆಯೂ ಹುಟ್ಟಬಹುದು, ಆದರೆ ಆ ಚಿತ್ರದೊಳಗೆ ಏನಿದೆಯೆಂದು ಪೂರ್ತಿ ಹೊರತೆಗೆಯುವುದು ಗಣಿತವಿಲ್ಲದೆ ಆಗದು. ಆದ್ದರಿಂದ ‘ಮೊದಲು ಗಣಿತ ಕಲಿತು ಬನ್ನಿ’ ಎಂದು ಬಾಗಿಲು ಮುಚ್ಚುವ ಬದಲು, ಎದುರಿನವರ ಪ್ರಶ್ನೆಗೆ ಬೇಕಾದಷ್ಟೇ ಗಣಿತವನ್ನು ಅವರೆದುರು ಬಿಡಿಸಿ ತೋರಿಸಬೇಕು, ಮತ್ತು ಪ್ರತಿ ಹೆಜ್ಜೆಯ ಭೌತಿಕ ಅರ್ಥವನ್ನು ವಾಕ್ಯವಾಗಿ ಹೇಳಬೇಕು.

ಚರ್ಚೆ ಮುಗಿಸುವಾಗ ಯಾವ ಪ್ರಶ್ನೆ ಇತ್ಯರ್ಥವಾಯಿತು, ಯಾವುದು ಉಳಿಯಿತು, ಉಳಿದದ್ದಕ್ಕೆ ಎಷ್ಟು ಗಣಿತ ಬೇಕು ಎಂಬುದನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ. ಕಾಲದ ಹಿಗ್ಗುವಿಕೆಗೆ ಪೈಥಾಗೋರಸ್ ಪ್ರಮೇಯ ಸಾಕು; ಏಕಕಾಲಿಕತೆ (ಎರಡು ಘಟನೆಗಳು ಒಂದೇ ಹೊತ್ತಿಗೆ ನಡೆದವೇ ಎಂಬ ಪ್ರಶ್ನೆ) ಮತ್ತು ಅವಳಿಗಳ ಸಮಸ್ಯೆಗೆ ಬೀಜಗಣಿತ ಹಾಗೂ ಒಂದು ನಕ್ಷೆಯ ಕಾಗದ ಬೇಕು; ಗುರುತ್ವದಲ್ಲಿ ಗಡಿಯಾರಗಳು ಹೇಗೆ ನಡೆಯುತ್ತವೆಂಬುದನ್ನು ಸ್ವಲ್ಪ ಕಲನಶಾಸ್ತ್ರದಿಂದ ಅಂದಾಜು ಮಾಡಬಹುದು; ಬುಧಗ್ರಹದ ಕಕ್ಷೆಯು ನ್ಯೂಟನ್ನರ ಲೆಕ್ಕ ಮೀರಿ ಶತಮಾನಕ್ಕೆ 43 ಆರ್ಕ್‌ಸೆಕೆಂಡ್ ಏಕೆ ತಿರುಗುತ್ತದೆ ಎಂಬುದನ್ನು ತಾವೇ ಕಂಡುಕೊಳ್ಳಬೇಕೆನ್ನುವವರು ಮಾತ್ರ ವಕ್ರ ಜ್ಯಾಮಿತಿಯವರೆಗೆ ಹೋಗಬೇಕಾಗುತ್ತದೆ.